ಲೀಟರ್ ಲೆಕ್ಕ ಸಾಲದು: ಹಾಲು ಒಕ್ಕೂಟದ ಎಂಐಎಸ್ ವರದಿಯಲ್ಲಿ ಏನಿರಬೇಕು

ಹಾಲು ಒಕ್ಕೂಟಗಳ ದಿನವಹಿ ವರದಿಯ ಮೊದಲ ಸಾಲಿನಲ್ಲಿ ಸಾಮಾನ್ಯವಾಗಿ ಇರುವುದು ನಿನ್ನೆ ಎಷ್ಟು ಲೀಟರ್ ಹಾಲು ಬಂತು ಎಂಬ ಅಂಕಿ. ಅದನ್ನು ಓದಿ ಯಾರೂ ಏನನ್ನೂ ನಿರ್ಧರಿಸಲಾರರು. ಡೇರಿ ಕೊಳ್ಳುವುದು ಜಿಡ್ಡು ಮತ್ತು ಎಸ್‌ಎನ್‌ಎಫ್ (ಜಿಡ್ಡು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ), ಮಾರುವುದೂ ಅವನ್ನೇ. ಉಳಿದದ್ದು ನೀರು. ರೈತರಿಗೆ ದರ ಕಟ್ಟುವುದು ಈ ಎರಡರ ಮೇಲೆ. ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲಿಗೆ ಕಾನೂನು ಕೇಳುವುದೂ ಕನಿಷ್ಠ ಶೇ 3.0 ಜಿಡ್ಡು, ಶೇ 8.5 ಎಸ್‌ಎನ್‌ಎಫ್ ಎಂಬ ಲೆಕ್ಕವನ್ನೇ. ಆದ್ದರಿಂದ ಒಕ್ಕೂಟದ ಮ್ಯಾನೇಜ್‌ಮೆಂಟ್ ಇನ್‌ಫರ್ಮೇಶನ್ ಸಿಸ್ಟಂ, ಅಂದರೆ ಎಂಐಎಸ್, ನಿಲ್ಲಬೇಕಾದದ್ದು ಕೆಜಿ ಜಿಡ್ಡು ಮತ್ತು ಕೆಜಿ ಎಸ್‌ಎನ್‌ಎಫ್ ಮೇಲೆ.

ಎಂಐಎಸ್ ಎಂದ ಕೂಡಲೇ ಸಾಫ್ಟ್‌ವೇರ್, ಸರ್ವರ್, ಬಣ್ಣಬಣ್ಣದ ಡ್ಯಾಶ್‌ಬೋರ್ಡ್ ನೆನಪಾಗುತ್ತವೆ. ಅವೆಲ್ಲ ಆಮೇಲಿನ ಮಾತು. ಮೊದಲು ಬರೆದಿಡಬೇಕಾದದ್ದು ಯಾರು, ಯಾವಾಗ, ಯಾವ ತೀರ್ಮಾನ ತೆಗೆದುಕೊಳ್ಳುತ್ತಾರೆ ಎಂಬುದನ್ನು. ನಿರ್ವಹಣಾ ಚಿಂತಕ ರಸೆಲ್ ಆಕಾಫ್ 1967ರಲ್ಲೇ ಹೇಳಿದ್ದರು, ವ್ಯವಸ್ಥಾಪಕರನ್ನು ಹೆಚ್ಚು ಕಾಡುವುದು ಮಾಹಿತಿಯ ಕೊರತೆಯಲ್ಲ, ಬೇಡದ ಮಾಹಿತಿಯ ರಾಶಿ ಎಂದು. ಡೇರಿಯಲ್ಲಿ ದಿನಕ್ಕೆ ಎರಡು ಹೊತ್ತು, ನೂರಾರು ಹಳ್ಳಿ ಹಾಲು ಸಂಘಗಳಲ್ಲಿ, ಒಬ್ಬೊಬ್ಬ ಸದಸ್ಯರಿಗೂ ಒಂದೊಂದು ದಾಖಲೆ ಹುಟ್ಟುತ್ತದೆ. ಅದನ್ನೆಲ್ಲ ಛಾಪಿಸಿ ಕಳಿಸಿದರೆ ಓದುವವರು ಸಿಗುವುದಿಲ್ಲ.

ಅಂಕಿಗಳು ಹುಟ್ಟುವ ಜಾಗದಿಂದಲೇ ಶುರುಮಾಡೋಣ, ತಪ್ಪುಗಳೂ ಹುಟ್ಟುವುದು ಅಲ್ಲೇ.

ಮೊದಲನೆಯದು ಅಳತೆ. ಹಾಲಿನ ಸಾಂದ್ರತೆ ಲೀಟರಿಗೆ ಸುಮಾರು 1.03 ಕೆಜಿ. ಅಂದರೆ 10,000 ಲೀಟರ್ ಹಾಲು 10,300 ಕೆಜಿ ತೂಗುತ್ತದೆ. ಜಿಡ್ಡು 3.8 ಇದ್ದರೆ ಅದರಲ್ಲಿ 391.4 ಕೆಜಿ ಜಿಡ್ಡಿದೆ. ಎಕ್ಸೆಲ್ ಹಾಳೆಯಲ್ಲಿ ಯಾರೋ ಲೀಟರನ್ನೇ ನೇರವಾಗಿ 3.8ರಿಂದ ಗುಣಿಸಿದರೆ 380 ಬರುತ್ತದೆ. 11.4 ಕೆಜಿ ಜಿಡ್ಡು ಕಾಗದದ ಮೇಲೆ ಮಾಯ! ಸಂಘದ ಹಾಳೆ ಲೀಟರಿನಲ್ಲಿದ್ದು ಡಾಕಿನ (ಡೇರಿಯಲ್ಲಿ ಹಾಲು ಇಳಿಸಿಕೊಳ್ಳುವ ಕಟ್ಟೆಯ) ಹಾಳೆ ಕೆಜಿಯಲ್ಲಿದ್ದರೆ ಈ ತಪ್ಪು ದಿನಾ ಆಗುತ್ತಲೇ ಇರುತ್ತದೆ. ಕೊನೆಗೆ ಅದನ್ನು ಸಾಗಣೆಯ ಲೆಕ್ಕಕ್ಕೆ ಹೊರಿಸಲಾಗುತ್ತದೆ.

ಎರಡನೆಯದು ಸರಾಸರಿ. ಒಂದು ಟ್ಯಾಂಕರಿನಲ್ಲಿ 12,000 ಕೆಜಿ ಹಾಲು, ಜಿಡ್ಡು 3.6. ಇನ್ನೊಂದರಲ್ಲಿ 3,000 ಕೆಜಿ, ಜಿಡ್ಡು 4.4. ಎರಡನ್ನೂ ಕೂಡಿ ಅರ್ಧ ಮಾಡಿದರೆ 4.0. ನಿಜವಾದ ಲೆಕ್ಕ 432 ಕೆಜಿಗೆ 132 ಕೆಜಿ ಕೂಡಿ 564, ಅಂದರೆ ಶೇ 3.76. ಸಾದಾ ಸರಾಸರಿ ನಂಬಿ ಉತ್ಪಾದನಾ ವಿಭಾಗ ಆ ದಿನದ ಯೋಜನೆ ಹಾಕಿದರೆ ಇಲ್ಲದ 36 ಕೆಜಿ ಜಿಡ್ಡನ್ನು ಹುಡುಕುತ್ತಾ ಕೂರಬೇಕಾಗುತ್ತದೆ. ನನ್ನ ಪ್ರಕಾರ ಒಕ್ಕೂಟದ ಯಾವ ವರದಿಯಲ್ಲೂ ಶೇಕಡಾವಾರು ಅಂಕಿಗಳ ಸರಾಸರಿ ತೆಗೆಯಲು ಬಿಡಲೇಬಾರದು. ಪ್ರತಿ ಹಂತದಲ್ಲೂ ಕೆಜಿ ಕೂಡಿಸಿ, ಕೊನೆಯಲ್ಲಿ ಒಮ್ಮೆ ಭಾಗಿಸಬೇಕು.

ಮೂರನೆಯದು ಸೂತ್ರ. ಇದು ಎಲ್ಲಕ್ಕಿಂತ ಕಣ್ಣಿಗೆ ಬೀಳದ ತಪ್ಪು. ಲ್ಯಾಕ್ಟೋಮೀಟರ್ ಓದಿನಿಂದ, ಅಂದರೆ ಸಿಎಲ್‌ಆರ್‌ನಿಂದ, ಎಸ್‌ಎನ್‌ಎಫ್ ತೆಗೆಯಲು ನಮ್ಮಲ್ಲಿ ಒಂದಕ್ಕಿಂತ ಹೆಚ್ಚು ಸೂತ್ರಗಳು ಬಳಕೆಯಲ್ಲಿವೆ. ಒಂದು: ಸಿಎಲ್‌ಆರ್‌ನ ಕಾಲು ಭಾಗ, ಜಿಡ್ಡಿನ 0.25 ಪಾಲು, ಜೊತೆಗೆ 0.44. ಇನ್ನೊಂದು: ಅದೇ ಕಾಲು ಭಾಗ, ಜಿಡ್ಡಿನ 0.21 ಪಾಲು, ಜೊತೆಗೆ 0.36. ಸಿಎಲ್‌ಆರ್ 28, ಜಿಡ್ಡು 3.8 ಇರುವ ಹಾಲಿಗೆ ಮೊದಲನೆಯದು 8.39 ಕೊಡುತ್ತದೆ, ಎರಡನೆಯದು 8.16. ಹಾಲು ಒಂದೇ, ಆದರೆ 10,300 ಕೆಜಿಯ ಮೇಲೆ ಸುಮಾರು 24 ಕೆಜಿ ಎಸ್‌ಎನ್‌ಎಫ್ ವ್ಯತ್ಯಾಸ. ಸಂಘದ ಯಂತ್ರದಲ್ಲಿ ಒಂದು ಸೂತ್ರ, ಡಾಕಿನ ಪ್ರಯೋಗಾಲಯದಲ್ಲಿ ಇನ್ನೊಂದು ಇದ್ದರೆ ಪಾಪದ ಕಾರ್ಯದರ್ಶಿಗೆ ತಿಂಗಳು ತಿಂಗಳು ನೋಟಿಸ್ ಹೋಗುತ್ತದೆ. ಹೊಸ ಸಾಫ್ಟ್‌ವೇರ್ ಕೊಳ್ಳುವ ಮೊದಲು ಪ್ರತಿ ಸಂಘದ ಯಂತ್ರದಲ್ಲಿ ಯಾವ ಸೂತ್ರ ಕೂತಿದೆ ಎಂದು ಪಟ್ಟಿ ಮಾಡಿಸಿ. ಖರ್ಚಿಲ್ಲದ ಕೆಲಸ, ಫಲ ಮಾತ್ರ ದೊಡ್ಡದು.

ಇದರ ಮೇಲೆ ಮಾದರಿ ತೆಗೆಯುವಾಗ ಆಗುವ ತಪ್ಪುಗಳಿವೆ. ಬಿಎಂಸಿಯಲ್ಲಿ, ಅಂದರೆ ಹಾಲು ತಣ್ಣಗಿಡುವ ದೊಡ್ಡ ಟ್ಯಾಂಕಿನಲ್ಲಿ, ನಿಂತ ಹಾಲಿನ ಕೆನೆ ಮೇಲೇರುತ್ತದೆ. ಹಾಲು ಕಲಕುವ ಅಜಿಟೇಟರ್ ಸಾಕಷ್ಟು ಹೊತ್ತು ತಿರುಗಿಸದೆ ಮೇಲಿನಿಂದ ಮಾದರಿ ತೆಗೆದರೆ ಜಿಡ್ಡು ಹೆಚ್ಚು ತೋರುತ್ತದೆ, ಕೆಳಗಿನ ಕವಾಟದಿಂದ ತೆಗೆದರೆ ಕಡಿಮೆ. ಟ್ಯಾಂಕ್ ಸಮತಟ್ಟಾಗಿ ಕೂತಿರದಿದ್ದರೆ ಡಿಪ್‌ಸ್ಟಿಕ್ ಓದೂ ತಪ್ಪುತ್ತದೆ. ಹಾಲು ಪರೀಕ್ಷಿಸುವ ಅಲ್ಟ್ರಾಸಾನಿಕ್ ಅನಲೈಸರನ್ನು ದಿನಾ ತೊಳೆಯದಿದ್ದರೆ ಒಳಗೆ ಹಾಲಿನ ಕಲೆ ಕಟ್ಟಿ ಓದು ನಿಧಾನವಾಗಿ ಒಂದೇ ದಿಕ್ಕಿಗೆ ಸರಿಯುತ್ತಾ ಹೋಗುತ್ತದೆ. ಅದಕ್ಕೇ ನಿಗದಿತ ಅವಧಿಗೊಮ್ಮೆ ಜಿಡ್ಡು ಅಳೆಯುವ ಗರ್ಬರ್ ವಿಧಾನದಲ್ಲಿ, 10 ಮಿಲಿ ಗಂಧಕಾಮ್ಲ, 10.75 ಮಿಲಿ ಹಾಲು, 1 ಮಿಲಿ ಅಮೈಲ್ ಆಲ್ಕೋಹಾಲ್ ಹಾಕಿ ತಾಳೆ ನೋಡಬೇಕು. ಈ ತಾಳೆಯ ದಿನಾಂಕ ಮತ್ತು ವ್ಯತ್ಯಾಸ ಎಂಐಎಸ್‌ನಲ್ಲಿ ಒಂದು ಕಾಲಂ ಆಗಿರಬೇಕು. ತಾಳೆ ನೋಡದ ಯಂತ್ರದ ಅಂಕಿಯನ್ನು ವರದಿ ಬೇರೆ ಬಣ್ಣದಲ್ಲಿ ತೋರಿಸಲಿ.

ಇಷ್ಟಾದ ಮೇಲೆ ಸಮತೋಲನ ಪಟ್ಟಿ. ಆರಂಭದ ದಾಸ್ತಾನಿಗೆ ಬಂದದ್ದನ್ನು ಕೂಡಿಸಿದರೆ ಅದು ಹೋದದ್ದು, ಉಳಿದದ್ದು ಮತ್ತು ನಷ್ಟದ ಮೊತ್ತಕ್ಕೆ ಸರಿಹೊಂದಬೇಕು. ಜಿಡ್ಡಿಗೆ ಒಂದು ಪಟ್ಟಿ, ಎಸ್‌ಎನ್‌ಎಫ್‌ಗೆ ಇನ್ನೊಂದು. ಎರಡೂ ಒಟ್ಟಿಗೆ ಕಾಣಬೇಕು, ಏಕೆಂದರೆ ನಷ್ಟ ಎಲ್ಲಿದೆ ಎಂಬುದನ್ನು ಇವೆರಡರ ಜೋಡಿಯೇ ಹೇಳುತ್ತದೆ. ಜಿಡ್ಡು ಮಾತ್ರ ಕಳೆದು ಎಸ್‌ಎನ್‌ಎಫ್ ಸರಿಯಿದ್ದರೆ ಸೆಪರೇಟರ್ ನೋಡಿ, ಕೆನೆ ತೆಗೆದ ಹಾಲಿನಲ್ಲಿ ಜಿಡ್ಡು ಉಳಿದು ಹೋಗುತ್ತಿರಬಹುದು. ಎರಡೂ ಒಂದೇ ಪ್ರಮಾಣದಲ್ಲಿ ಕಳೆದಿದ್ದರೆ ಹಾಲೇ ಚರಂಡಿಗೆ ಹೋಗಿದೆ: ಪೈಪ್ ತೊಳೆಯುವ ಮೊದಲ ನೀರು, ಒಡೆದ ಪ್ಯಾಕೆಟ್, ಇಲ್ಲವೇ ತೂಕದ ದೋಷ. ಎಸ್‌ಎನ್‌ಎಫ್ ಒಂದೇ ಕಳೆದಿದ್ದರೆ ಮೊದಲ ಅನುಮಾನ ಸೂತ್ರದ ಮೇಲೆ ಬೀಳಲಿ.

ಇಲ್ಲಿ ದಿನ ಎಂದರೆ ಯಾವುದು ಎಂಬುದನ್ನೂ ಗೊತ್ತುಮಾಡಿಕೊಳ್ಳಬೇಕು. ಸಂಘಕ್ಕೆ ದಿನವೆಂದರೆ ಬೆಳಿಗ್ಗೆ ಮತ್ತು ಸಂಜೆ. ಡೇರಿಗೆ ಬರುವ ಟ್ಯಾಂಕರಿನಲ್ಲಿ ಇರುವುದು ಅನೇಕ ಕಡೆ ನಿನ್ನೆ ಸಂಜೆಯ ಮತ್ತು ಇವತ್ತು ಬೆಳಗಿನ ಹಾಲು. 31ರ ಸಂಜೆಯ ಹಾಲು ಸಂಘದ ಪುಸ್ತಕದಲ್ಲಿ ಈ ತಿಂಗಳಿಗೆ, ಡಾಕಿನ ಪುಸ್ತಕದಲ್ಲಿ ಮುಂದಿನ ತಿಂಗಳಿಗೆ ಸೇರುತ್ತದೆ. ಪ್ರತಿ ದಾಖಲೆಗೂ ದಿನಾಂಕದ ಜೊತೆ ಹೊತ್ತಿನ ಗುರುತು, ಜೊತೆಗೆ ದಾರಿಯಲ್ಲಿರುವ ದಾಸ್ತಾನು ಎಂಬ ಪ್ರತ್ಯೇಕ ಸಾಲು ಇದ್ದರೆ ತಿಂಗಳ ಕೊನೆಯ ಜಗಳ ತಾನೇ ನಿಲ್ಲುತ್ತದೆ.

ಪ್ಯಾಕಿಂಗ್ ಕಡೆಗೆ ಬಂದರೆ, ಕಣ್ಣಿಗೆ ಕಾಣದೆ ಹೋಗುವ ಹಣ ಇಲ್ಲಿದೆ. ಟೋನ್ಡ್ ಹಾಲಿಗೆ 3.0 ಸಾಕು, ಆದರೆ ಮಾದರಿ ಫೇಲ್ ಆದೀತೆಂಬ ಭಯಕ್ಕೆ 3.05 ಇಡುತ್ತಾರೆ. ದಿನಕ್ಕೆ 1,00,000 ಲೀಟರ್ ಮಾರುವ ಡೇರಿಗೆ ಆ 0.05 ಎಂದರೆ 51.5 ಕೆಜಿ ಜಿಡ್ಡು, 30 ದಿನಕ್ಕೆ 1,545 ಕೆಜಿ. ಅರ್ಧ ಲೀಟರ್ ಪ್ಯಾಕೆಟ್ಟಿಗೆ 502 ಮಿಲಿ ಬೀಳುತ್ತಿದ್ದರೆ ಅದೇ ಪ್ರಮಾಣದ ಮಾರಾಟಕ್ಕೆ ದಿನಕ್ಕೆ 400 ಲೀಟರ್ ಹೆಚ್ಚು ಹೋಗುತ್ತದೆ. ಇದನ್ನು ಕಡಿಮೆ ತುಂಬಿ ಸರಿಪಡಿಸುವಂತಿಲ್ಲ. ಅದು ಗ್ರಾಹಕರಿಗೆ ಮೋಸ, ಕಾನೂನಿಗೂ ವಿರುದ್ಧ. ಸರಿಪಡಿಸಬೇಕಾದದ್ದು ಏರಿಳಿತವನ್ನು. ಪ್ರತಿ ಯಂತ್ರದ ಪ್ರತಿ ತಲೆ (ಹಾಲು ತುಂಬುವ ಬಾಯಿ) ತುಂಬಿದ ಪ್ಯಾಕೆಟ್ಟಿನ ತೂಕವನ್ನು ಗಂಟೆಗೊಮ್ಮೆ ದಾಖಲಿಸಿ, ಸರಾಸರಿಯ ಜೊತೆ ಹರವನ್ನೂ, ಅಂದರೆ ಏರಿಳಿತದ ಅಗಲವನ್ನೂ, ತೋರಿಸಿದರೆ ಯಾವ ತಲೆಗೆ ರಿಪೇರಿ ಬೇಕೆಂದು ಪಾಳಿಯ ಮೇಲ್ವಿಚಾರಕರಿಗೇ ತಿಳಿಯುತ್ತದೆ. ಜಿಡ್ಡಿನ ಓದಿನ ಹರವನ್ನೂ ಹೀಗೇ ನೋಡಿ, ಅದು ಕಿರಿದಾದ ಮೇಲಷ್ಟೇ ಜಿಡ್ಡಿನ ಗುರಿಯನ್ನು 3.05ರಿಂದ 3.02ಕ್ಕೆ ಧೈರ್ಯವಾಗಿ ಇಳಿಸಬಹುದು. ಈ ವರದಿ ವ್ಯವಸ್ಥಾಪಕ ನಿರ್ದೇಶಕರಿಗೆ ಹೋಗುವ ಅಗತ್ಯವೇ ಇಲ್ಲ, ಯಂತ್ರದ ಪಕ್ಕದಲ್ಲಿ ಇದ್ದರೆ ಸಾಕು.

ಮೇಲಿನ ಹಂತದ ತೀರ್ಮಾನಗಳಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವುದು ಹೆಚ್ಚುವರಿ ಹಾಲಿನದು. ಮಳೆ ಬಿದ್ದು ಹಸಿರು ಮೇವು ಬಂದಾಗ ಸಂಗ್ರಹಣೆ ಏರುತ್ತದೆ, ಮಾರಾಟ ಅಷ್ಟು ಏರುವುದಿಲ್ಲ. ಸಹಕಾರಿ ಸಂಘ ಸದಸ್ಯರ ಹಾಲು ಬೇಡ ಎನ್ನುವಂತಿಲ್ಲ. ದಿನಕ್ಕೆ 20,000 ಲೀಟರ್ ಹೆಚ್ಚುವರಿ ಇದೆ ಎಂದುಕೊಳ್ಳಿ. ಅದು 20,600 ಕೆಜಿ. 3.8 ಜಿಡ್ಡಿಗೆ ಸುಮಾರು 783 ಕೆಜಿ, 8.4 ಎಸ್‌ಎನ್‌ಎಫ್‌ಗೆ ಸುಮಾರು 1,730 ಕೆಜಿ. ಪುಡಿ ಮತ್ತು ಬೆಣ್ಣೆ ಮಾಡಿಸಿದರೆ, ಸಂಸ್ಕರಣೆಯ ನಷ್ಟ ಕಳೆದು 1,650 ಕೆಜಿ ಎಸ್‌ಎನ್‌ಎಫ್ ಪುಡಿಗೆ ಸೇರಿತೆಂದರೆ, ಶೇ 95ರ ಲೆಕ್ಕದಲ್ಲಿ ಸುಮಾರು 1,735 ಕೆಜಿ ಕೆನೆರಹಿತ ಹಾಲಿನ ಪುಡಿ. ಪುಡಿಯಲ್ಲಿ ಉಳಿದದ್ದು ಮತ್ತು ನಷ್ಟ ಕಳೆದು 755 ಕೆಜಿ ಜಿಡ್ಡು ದಕ್ಕಿದರೆ ಶೇ 82ರ ಬೆಣ್ಣೆ ಸುಮಾರು 920 ಕೆಜಿ. ಇನ್ನೊಂದು ದಾರಿ, ಟ್ಯಾಂಕರಿನಲ್ಲಿ ತುಂಬಿ ಬೇರೆ ಡೇರಿಗೆ ಸಗಟು ಮಾರುವುದು.

ಈ ಎರಡು ದಾರಿಗಳನ್ನು ಹೋಲಿಸುವಾಗ ರೈತರಿಗೆ ಕೊಟ್ಟ ಹಾಲಿನ ದರವನ್ನು ಲೆಕ್ಕಕ್ಕೆ ತರಬಾರದು. ಯಾವ ದಾರಿ ಹಿಡಿದರೂ ಅದನ್ನು ಕೊಡಲೇಬೇಕು. ತೂಗಬೇಕಾದದ್ದು ಬದಲಾಗುವ ಅಂಕಿಗಳನ್ನು ಮಾತ್ರ. ಸಗಟು ದರದಲ್ಲಿ ಟ್ಯಾಂಕರ್ ಬಾಡಿಗೆ ಕಳೆದರೆ ಒಂದು ಕಡೆಯ ಅಂಕಿ. ಪುಡಿ ಮತ್ತು ಬೆಣ್ಣೆಯ ಬೆಲೆಯಲ್ಲಿ ಪರಿವರ್ತನಾ ಶುಲ್ಕ, ಚೀಲ, ಗೋದಾಮು, ಹಣ ಸಿಕ್ಕಿಬಿದ್ದ ಅವಧಿಯ ಬಡ್ಡಿ ಕಳೆದರೆ ಇನ್ನೊಂದು ಕಡೆಯದು. ಬಡ್ಡಿಯನ್ನು ಅನೇಕರು ಮರೆಯುತ್ತಾರೆ. ವರ್ಷಕ್ಕೆ ಶೇ 10ರ ಸಾಲದಲ್ಲಿ ಪುಡಿ ಆರು ತಿಂಗಳು ಕೂತರೆ ಶೇ 5 ಅಲ್ಲೇ ಹೋಯಿತು. ಆದರೆ ಸಾಮಾನ್ಯ ವೆಚ್ಚ ವರದಿ ಹಾಲಿನ ದರ, ಸಂಬಳ, ಸವಕಳಿ ಎಲ್ಲವನ್ನೂ ಪುಡಿಯ ಮೇಲೆ ಹಂಚಿ ಕೆಜಿಗೆ ಇಷ್ಟು ನಷ್ಟ ಎಂದು ತೋರಿಸುತ್ತದೆ. ಅದನ್ನು ನೋಡಿದ ಆಡಳಿತ ಮಂಡಳಿ ಪುಡಿ ನಿಲ್ಲಿಸಿ ಇನ್ನೂ ಕಡಿಮೆ ದರಕ್ಕೆ ಹಾಲು ಮಾರಲು ಒಪ್ಪಿಬಿಡುತ್ತದೆ. ಮುಂದಿನ ತಿಂಗಳಿನ ಖರೀದಿ ದರ ನಿಗದಿ ಮಾಡುವಾಗ ಪೂರ್ಣ ವೆಚ್ಚ ಬೇಕು. ಇವತ್ತು ಬಂದ ಹಾಲನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಅದು ದಾರಿ ತಪ್ಪಿಸುತ್ತದೆ. ಎರಡೂ ಪ್ರಶ್ನೆಗಳಿಗೆ ಒಂದೇ ಹಾಳೆಯಿಂದ ಉತ್ತರ ಹುಡುಕಬೇಡಿ.

ಮಾರಾಟದ ಅಂದಾಜಿನ ಬಗ್ಗೆ ಒಂದೇ ಮಾತು. ಕಳೆದ ವರ್ಷದ ಇದೇ ದಿನಾಂಕದ ಜೊತೆ ಹೋಲಿಸುವ ವರದಿ ಹಬ್ಬಗಳ ಆಸುಪಾಸು ಕೈಕೊಡುತ್ತದೆ. ಯುಗಾದಿ 2023ರಲ್ಲಿ ಮಾರ್ಚ್ 22ಕ್ಕೆ ಬಂತು, 2024ರಲ್ಲಿ ಏಪ್ರಿಲ್ 9ಕ್ಕೆ, 2025ರಲ್ಲಿ ಮಾರ್ಚ್ 30ಕ್ಕೆ. ಕ್ಯಾಲೆಂಡರ್ ಕೋಷ್ಟಕದಲ್ಲಿ ಪ್ರತಿ ದಿನಕ್ಕೂ ಹಬ್ಬದ ಹಿಂದಿನ ದಿನ, ಹಬ್ಬ, ಮಾರನೆಯ ದಿನ ಎಂಬ ಗುರುತು ಹಾಕಿ, ಯುಗಾದಿಯನ್ನು ಯುಗಾದಿಯ ಜೊತೆ, ಸೋಮವಾರವನ್ನು ಸೋಮವಾರದ ಜೊತೆ ಹೋಲಿಸಿದರೆ ಏಜೆಂಟರ ಇಂಡೆಂಟನ್ನು (ಹಾಲಿನ ಬೇಡಿಕೆ ಪಟ್ಟಿಯನ್ನು) ತಾಳೆ ನೋಡಲು ಒಂದು ಆಧಾರ ಸಿಗುತ್ತದೆ. ಮೊಸರಿಗೆ ಬೇಸಿಗೆಯ ಏರಿಕೆಯನ್ನು ಬೇರೆಯಾಗಿ ಲೆಕ್ಕ ಹಾಕಿ.

ಕೊನೆಗೆ ಸಂಘದ ಮಟ್ಟ. ಇಲ್ಲಿನ ದತ್ತಾಂಶವನ್ನು ಬಿಲ್ ಮಾಡಲು ಬಳಸಿ ಸುಮ್ಮನೆ ಬಿಡುವುದು ದೊಡ್ಡ ನಷ್ಟ ಎಂದೇ ನನ್ನ ಭಾವನೆ. ಮೊದಲು ಅದು ನಂಬಿಕೆಗೆ ಅರ್ಹವೇ ನೋಡಿ. ಯಂತ್ರ ಕೆಟ್ಟಾಗ ಕೈಯಿಂದ ನಮೂದಿಸಿದ ದಾಖಲೆಗಳಿಗೆ ಗುರುತು ಬೀಳಲೇಬೇಕು. ಒಂದು ಸಂಘದಲ್ಲಿ ಕೈ ನಮೂದು ಹೆಚ್ಚುತ್ತಾ ಹೋದರೆ, ಅಥವಾ 3.5, 4.0 ಎಂಬ ದುಂಡು ಅಂಕಿಗಳೇ ಪದೇ ಪದೇ ಬಂದರೆ ಮೇಲ್ವಿಚಾರಕರು ಅದೇ ವಾರ ಹೋಗಿ ನೋಡಲಿ.

ಆಮೇಲೆ ಸದಸ್ಯರ ಪಟ್ಟಿ. ಕಳೆದ 10 ದಿನಗಳ ಸರಾಸರಿಯನ್ನು ಅದರ ಹಿಂದಿನ 30 ದಿನಗಳ ಸರಾಸರಿಯೊಂದಿಗೆ ಹೋಲಿಸಿ, ಹಾಲಿನ ಪ್ರಮಾಣ, ಜಿಡ್ಡು ಅಥವಾ ಎಸ್‌ಎನ್‌ಎಫ್ ಬಹಳ ಇಳಿದವರನ್ನು ಮಾತ್ರ ತೋರಿಸಿ. ಅದಕ್ಕೆ ಕೃತಕ ಗರ್ಭಧಾರಣೆಯ ದಾಖಲೆ ಜೋಡಿಸಿ. ಹಸುವಿನ ಗರ್ಭಕ್ಕೆ ಏಳು ತಿಂಗಳು ತುಂಬಿದ್ದರೆ ಕರುಹಾಕುವ ಮುಂಚಿನ ಎರಡು ತಿಂಗಳು ಹಾಲು ಬತ್ತಿಸುವುದು ಸಹಜ, ಅಂಥವರ ಹೆಸರು ಪಟ್ಟಿಯಿಂದ ಬಿಟ್ಟುಹೋಗಲಿ. ಉಳಿದವರ ಅಂಕಿಗಳೇ ಮಾತಾಡುತ್ತವೆ. ಜಿಡ್ಡು, ಎಸ್‌ಎನ್‌ಎಫ್ ಎರಡೂ ಒಂದೇ ಪ್ರಮಾಣದಲ್ಲಿ ಇಳಿದಿದ್ದರೆ ನೀರು ಸೇರಿದ ಅನುಮಾನ, ಖಚಿತವಾಗುವುದು ಹಾಲು ಮಂಜುಗಡ್ಡೆಯಾಗುವ ಉಷ್ಣಾಂಶದ (ಫ್ರೀಜಿಂಗ್ ಪಾಯಿಂಟ್) ಪರೀಕ್ಷೆಯಿಂದ. ಜಿಡ್ಡು ಮಾತ್ರ ಇಳಿದಿದ್ದರೆ ಒಣಮೇವು ಕಡಿಮೆಯಾಗಿ ಹಿಂಡಿ ಹೆಚ್ಚಾಗಿದೆಯೇ ಕೇಳಿ. ಪ್ರಮಾಣದ ಜೊತೆ ಎಸ್‌ಎನ್‌ಎಫ್ ಇಳಿದು ಅಕ್ಕಪಕ್ಕದವರದು ಸರಿಯಾಗಿದ್ದರೆ ಕೆಚ್ಚಲು ಬಾವು ಇರಬಹುದು, ಏಕೆಂದರೆ ಬಾವು ಬಂದ ಕೆಚ್ಚಲಿನ ಹಾಲಿನಲ್ಲಿ ಲ್ಯಾಕ್ಟೋಸ್ ಕುಸಿಯುತ್ತದೆ. ಆ ಹೆಸರು ಪಶುವೈದ್ಯರ ಮೊಬೈಲಿಗೆ ಅದೇ ಬೆಳಿಗ್ಗೆ ಹೋಗಬೇಕು. ಬಟವಾಡೆಯ ದಿನದವರೆಗೆ ಕಾದರೆ ಒಂದು ಮೊಲೆ ಶಾಶ್ವತವಾಗಿ ಕೆಟ್ಟಿರಬಹುದು.