40 ಗ್ಯಾಲನ್ ರೀಫ್ ಅಪ್ಡೇಟ್: ಕಲ್ಲಿನ ಜೊತೆ ಕರೀದೇ ಬಂದೋರು

ನಮ್ಮ ಮನೆಯ ರೀಫ್ ಟ್ಯಾಂಕಿಗೆ (ಉಪ್ಪುನೀರಿನ ಹವಳದ ಅಕ್ವೇರಿಯಂ) ತಂದ ಹೊಸ ಲೈವ್ ರಾಕ್, ಅಂದ್ರೆ ಜೀವಿಗಳು ಹತ್ತಿರೋ ಕಡಲ ಕಲ್ಲು, ಅದರ ಒಳಗಿಂದ ಏನೇನು ಹೊರಗೆ ಬಂತು, ಯಾವುದನ್ನ ಬಿಟ್ಟೆ, ಯಾವುದನ್ನ ತೆಗೆದೆ ಅನ್ನೋದು ಈ ಸಲದ ಅಪ್ಡೇಟ್. ನಾವಿರೋದು ಟ್ಯಾಂಪಾದಲ್ಲಿ. ಫ್ಲೋರಿಡಾ ಸಮುದ್ರದಿಂದ ತಾನಾಗಿ ಬೆಳೆದ ಲೈವ್ ರಾಕ್ ಎತ್ತೋದು 1990ರ ದಶಕದಿಂದಲೇ ನಿಷೇಧ, ಹಂಗಾಗಿ ಸಾಕಣೆ ಮಾಡೋರು ಲೀಸ್ ತಗೊಂಡ ಜಾಗದಲ್ಲಿ ಸುಣ್ಣಕಲ್ಲು ಮುಳುಗಿಸಿ, ವರ್ಷಗಟ್ಟಲೆ ಬಿಟ್ಟು, ಜೀವ ಹತ್ತಿದ ಮೇಲೆ ಎತ್ತಿ ಮಾರ್ತಾರೆ. ಸ್ಪಾಂಜು, ನೇರಳೆ ಕೋರಲೈನ್ ಪಾಚಿ ಎಲ್ಲ ಜೀವಂತ ಬರುತ್ತೆ, ತೂತಲ್ಲಿ ಕೂತಿರೋರೂ ಜೊತೇಲೇ ಬರ್ತಾರೆ. (ಊರಿನ ಗೆಳೆಯರು ನಾವೂ ಸಮುದ್ರದಿಂದ ತರಬಹುದಾ ಅಂತ ಕೇಳ್ತಾರೆ. ಬೇಡ, ಇಂಡಿಯಾದಲ್ಲಿ ಕಲ್ಲುಹವಳ ವನ್ಯಜೀವಿ ಕಾಯ್ದೆಯ ಒಂದನೇ ಶೆಡ್ಯೂಲಲ್ಲಿದೆ. ನೇತ್ರಾಣಿಯ ಹವಳ ನೇತ್ರಾಣಿಯಲ್ಲೇ ಇರಲಿ.)

ಕಲ್ಲನ್ನ ಮೇನ್ ಟ್ಯಾಂಕಿಗೆ ಹಾಕೋ ಮುಂಚೆ ಹೀಟರ್, ಪವರ್‌ಹೆಡ್ (ನೀರು ಓಡಾಡಿಸೋ ಪಂಪ್) ಇರೋ 10 ಗ್ಯಾಲನ್ ಟ್ಯಾಂಕಲ್ಲಿ ಬೇರೆ ಇಟ್ಟಿದ್ದೆ. ಲೈಟ್ ಆರಿದ ಮೇಲೆ ಕೆಂಪು ಟಾರ್ಚ್ ಹಿಡ್ಕೊಂಡು ನೋಡ್ಬೇಕು, ಏಡಿ ಸೀಗಡಿಗಳಿಗೆ ಕೆಂಪು ಬೆಳಕು ಅಷ್ಟಾಗಿ ಕಾಣಲ್ಲ, ಓಡಿ ಬಚ್ಚಿಟ್ಕೊಳಲ್ಲ.

ಮೊದಲು ಕಂಡಿದ್ದು ಬ್ರಿಸಲ್ ವರ್ಮ್, ಮೈಯೆಲ್ಲ ಮುಳ್ಳುಕೂದಲಿರೋ ಕಡಲ ಹುಳ. ಇದನ್ನ ಕಂಡ ತಕ್ಷಣ ಜನ ಗಾಬರಿ ಬೀಳ್ತಾರೆ, ಆದ್ರೆ ಸಾಮಾನ್ಯವಾಗಿ ಬರೋ ಸಣ್ಣ ಗುಲಾಬಿ-ಕಂದು ಜಾತಿ ಉಳಿದ ಊಟ, ಸತ್ತ ಬಸವನಹುಳ ತಿಂದು ಕ್ಲೀನ್ ಮಾಡುತ್ತೆ. ಬಿಟ್ಬಿಟ್ಟೆ. ಬರಿಗೈಲಿ ಮಾತ್ರ ಮುಟ್ಬೇಡಿ, ಕಂಬಳಿಹುಳ ತಾಗಿದಂಗೆ ಉರಿಯುತ್ತೆ.

ಆಮೇಲೆ ಏಡಿ. ಹೆಸರು ಹುಡುಕೋಕಿಂತ ಮುಂಚೆ ಚಿಮುಟದ ತುದಿ ನೋಡಿ. ಪಾಚಿ ಕೆರೆದು ತಿನ್ನೋ ಎಮರಾಲ್ಡ್ ಏಡಿಗೆ ತುದಿ ಸ್ಪೂನ್ ತರ ಇರುತ್ತೆ. ನನ್ನದಕ್ಕೆ ಮೈ ತುಂಬ ಕೂದಲು, ಚೂಪಾದ ಕಪ್ಪು ತುದಿ, ಅಂದ್ರೆ ಗೊರಿಲ್ಲಾ ಏಡಿ, ಮಾಂಸ ತಿನ್ನೋದು, ದೊಡ್ಡದಾದ್ರೆ ಬಸವನಹುಳ, ಹವಳ, ನಿದ್ದೆ ಮಾಡ್ತಿರೋ ಮೀನು ಯಾವುದನ್ನೂ ನಂಬಿ ಬಿಡಂಗಿಲ್ಲ. ಒಂದು ಗಾಜಿನ ಲೋಟಕ್ಕೆ ಸೀಗಡಿ ತುಂಡು ಹಾಕಿ ಕಲ್ಲಿಗೆ ಓರೆಯಾಗಿ ಒರಗಿಸಿಟ್ಟೆ. ವಾಸನೆಗೆ ಇಳಿದು ಬಂತು, ತಿಂತು, ವಾಪಸ್ ಹತ್ತೋಕೆ ಹೋದ್ರೆ ಗಾಜಲ್ಲಿ ಕಾಲು ಜಾರುತ್ತೆ, ಬೆಳಿಗ್ಗೆ ಅಲ್ಲೇ ಕೂತಿತ್ತು.

ಇಷ್ಟಾದ್ರೂ ರಾತ್ರಿ ಟಕ್ ಟಕ್ ಸದ್ದು ನಿಲ್ಲಲಿಲ್ಲ. ಸದ್ದು ಕೇಳ್ತು ಅಂತ ಮ್ಯಾಂಟಿಸ್ ಸೀಗಡಿ (ಮುಂಗಾಲಲ್ಲಿ ಗುದ್ದಿ ಬೇಟೆ ಆಡೋದು) ಅಂತ ತೀರ್ಮಾನ ಮಾಡಂಗಿಲ್ಲ, ಪಿಸ್ತೂಲ್ ಸೀಗಡಿನೂ ಚಿಟಿಕೆ ಹೊಡೆಯುತ್ತೆ, ಅದನ್ನ ಎಷ್ಟೋ ಜನ ಬೇಕಂತಲೇ ಸಾಕ್ತಾರೆ. ಕೊನೆಗೆ ಒಂದು ತೂತಲ್ಲಿ ಎರಡು ಕಣ್ಣು, ಒಂದು ಈ ಕಡೆ ತಿರುಗಿದ್ರೆ ಇನ್ನೊಂದು ಆ ಕಡೆ. ಅಲ್ಲಿಗೆ ಅನುಮಾನ ಹೋಯ್ತು, ಮ್ಯಾಂಟಿಸೇ. ಕಲ್ಲನ್ನ ಬಕೆಟ್ ಮೇಲೆ ಎತ್ತಿ ಹಿಡಿದು ತೂತಿಗೆ ಸಿರಿಂಜಲ್ಲಿ ಕ್ಲಬ್ ಸೋಡಾ ಬಿಟ್ಟೆ, ಉಸಿರು ಕಟ್ಟಿ ಹೊರಗೆ ಹಾರಿ ಕೆಳಗಿದ್ದ ಉಪ್ಪುನೀರಿಗೆ ಬಿತ್ತು. ಬೆರಳಷ್ಟುದ್ದ, ಹಸಿರು, ಮುಂಗಾಲು ಗುದ್ದೋಕೆ ಮಡಚಿಟ್ಕೊಂಡು. ನಿಜವಾಗ್ಲೂ ಚೆಂದ. ಮೀನು, ಸೀಗಡಿ, ಬಸವನಹುಳ ಇರೋ ಟ್ಯಾಂಕಲ್ಲಿ ಇದಕ್ಕೆ ಜಾಗ ಇಲ್ಲ, ಆದ್ರೆ ಸಾಯಿಸೋ ಪ್ರಾಣಿನೂ ಅಲ್ಲ, ಮಗಳಂತೂ ಒಪ್ಪಲೇ ಇಲ್ಲ, ಅವಳ ರೂಮಲ್ಲಿ ಸಣ್ಣ ಟ್ಯಾಂಕ್ ಆಯ್ತು.

ಇಷ್ಟರಲ್ಲಿ ನನ್ನ ಪ್ರಕಾರ ದೊಡ್ಡ ತಲೆನೋವು ಐಪ್ಟೇಸಿಯಾ. ಏಡಿ ಒಂದೇ, ಹಿಡಿದ್ರೆ ಮುಗೀತು. ಈ ಕಂದು ಬಣ್ಣದ ಪುಟ್ಟ ಅನಿಮೋನ್ (ಹೂವಿನ ತರ ಕಾಣೋ, ಕಲ್ಲಿಗೆ ಅಂಟಿಕೊಳ್ಳೋ ಕಡಲ ಪ್ರಾಣಿ) ಪಾದದ ಚೂರು ಉಳಿದ್ರೂ ಅದರಿಂದ ಹೊಸದು ಹುಟ್ಟುತ್ತೆ, ಅದಕ್ಕೇ ಕೆರೆದು ತೆಗೆಯೋಕೆ ಹೋಗ್ಲೇಬೇಡಿ. ಕೈಗೆ ಸಿಕ್ಕವಕ್ಕೆ ಪಂಪ್ ಆಫ್ ಮಾಡಿ ಕಾಲ್ಕ್‌ವಾಸರ್ (ಸುಣ್ಣದ ಪುಡಿ) ಪೇಸ್ಟ್ ಸೀದಾ ಬಾಯಿಗೆ ಬಿಟ್ಟೆ, ಸುಣ್ಣದ ಮುದ್ದೆ ಬಿದ್ದ ತಕ್ಷಣ ಮುದುರ್ಕೊಂಡು ಅಲ್ಲೇ ಸತ್ತವು. ಸಂದಿಯಲ್ಲಿರೋವಕ್ಕೆ ಬರ್ಘಿಯಾ ತಂದಿದೀನಿ. ಇದು ಸಣ್ಣ ಕಡಲ ಗೊಂಡೆಹುಳ, ಐಪ್ಟೇಸಿಯಾ ಬಿಟ್ಟು ಬೇರೇನೂ ತಿನ್ನಲ್ಲ, ರಾತ್ರಿ ಓಡಾಡುತ್ತೆ. ಪೆಪ್ಪರ್‌ಮಿಂಟ್ ಸೀಗಡಿನೂ ಐಪ್ಟೇಸಿಯಾ ತಿನ್ನುತ್ತೆ, ಆದ್ರೆ ಎರಡನ್ನೂ ಒಟ್ಟಿಗೆ ಹಾಕಿದ್ರೆ ಬರ್ಘಿಯಾನೇ ಊಟ ಆಗಬಹುದು, ಅದಕ್ಕೆ ಸದ್ಯಕ್ಕೆ ಆ ಸೀಗಡಿ ಹಾಕಿಲ್ಲ, ಬರ್ಘಿಯಾ ತಿನ್ನೋ ವ್ರಾಸ್ ಮೀನೂ ಇಲ್ಲ.

ಈಗ ಗಾಜಿನ ಮೇಲೆ ಬಿಳಿ ಸುರುಳಿ ಸುರುಳಿ ಮೊಟ್ಟೆ ಕಾಣ್ತಿದೆ, ಐಪ್ಟೇಸಿಯಾ ಕಡಿಮೆ ಆಗ್ತಿದೆ. ಅದು ಪೂರ್ತಿ ಮುಗಿದ್ರೆ ಬರ್ಘಿಯಾ ಉಪವಾಸ ಸಾಯ್ತವೆ, ಅಷ್ಟರೊಳಗೆ ಬೇರೆ ಟ್ಯಾಂಕಿಗೆ ಕಳಿಸ್ಬೇಕು. ಟ್ಯಾಂಪಾ ಸುತ್ತಮುತ್ತ ಐಪ್ಟೇಸಿಯಾ ಕಾಟ ಇರೋರು ಈಗ್ಲೇ ಹೇಳಿಡಿ, ದುಡ್ಡೇನೂ ಬೇಡ, ಉಪ್ಪುನೀರಿನ ಡಬ್ಬಿ ತಗೊಂಡು ಬನ್ನಿ.