ಇಷ್ಟೆಲ್ಲಾ ಆದ್ಮೇಲೂ ಹೆಂಗೆ ನಗ್ತೀಯ ಅಂತ ಕೇಳೋರಿಗೆ

ಮದುವೆ ಮನೆ ಪಂಕ್ತಿಲಿ ಕೇಳ್ತಾರೆ, ಹಾಸನ ಬಸ್ ಸ್ಟ್ಯಾಂಡಲ್ಲಿ ಕೇಳ್ತಾರೆ, ಡಯಾಲಿಸಿಸ್ ಯೂನಿಟ್ ಹೊರಗಡೆ ಚೇರ್ ಮೇಲೆ ಕೂತಿದ್ರೂ ಬಿಡಲ್ಲ. "ಗಂಡಂಗೆ ಎರಡೂ ಕಿಡ್ನಿ ಹೋಗಿದೆ, ಇಷ್ಟೆಲ್ಲಾ ಆದ್ಮೇಲೂ ಅದು ಹೆಂಗಮ್ಮ ನಗ್ತಾ ಇರ್ತೀಯ, ಚರ್ಚಿಗೆ ಬೇರೆ ತಪ್ಪದೆ ಹೋಗ್ತೀಯ?" ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇಲ್ಲಿ ಬರೆದು ಇಡ್ತೀನಿ, ಇನ್ಮೇಲೆ ಕೇಳಿದೋರಿಗೆ ಇದನ್ನೇ ಕಳಿಸೋದು.

ಕೇಳಲಿ, ಬೇಜಾರಿಲ್ಲ, ಆದ್ರೆ ಕೇಳೋ ರೀತಿ ಇದೆಯಲ್ಲ. ನಮ್ಮ ಯಜಮಾನರ ಜೊತೆ ಕೆಲಸ ಮಾಡಿದ ಒಬ್ಬರು ಶೆಟ್ಟಿಹಳ್ಳಿ ಚರ್ಚ್ ಫೋಟೋ ವಾಟ್ಸಾಪಲ್ಲಿ ಹಾಕಿ, ತನ್ನ ಮನೆನೇ ಉಳಿಸ್ಕೊಳ್ಳೋಕಾಗದ ದೇವರು ನಿಮ್ಮ ಮನೆ ಉಳಿಸ್ತಾನಾ ಅಂತ ಬರೆದ್ರು. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಚರ್ಚ್ ಅದು, ಗೊರೂರಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ್ಮೇಲೆ ಮಳೆಗಾಲದಲ್ಲಿ ಹಿನ್ನೀರಲ್ಲಿ ಮುಳುಗುತ್ತೆ, ಬೇಸಿಗೆಲಿ ಪೂರ್ತಿ ಕಾಣುತ್ತೆ. ಆ ನೀರು ಹಾಸನ, ತುಮಕೂರು, ಮಂಡ್ಯದ ಹೊಲಗದ್ದೆಗೆ ಹೋಗ್ತಿದೆ. ಊರಿನ ಜನ ಎದ್ದು ಬೇರೆ ಕಡೆ ಹೋದ್ರು, ಜೊತೆಗೆ ಜಪಸರ, ಅಂದ್ರೆ ನಾವು ಪ್ರಾರ್ಥನೆ ಎಣಿಸೋ ಮಣಿಸರ, ತಗೊಂಡು ಹೋದ್ರು. ನಮ್ಮ ಚರ್ಚಿನ ವಾರ್ಡಿನ ಅಜ್ಜಿಯೊಬ್ಬರು ಆ ಕಡೆಯವರೇ, ಮುಂದೆ ಅವರ ವಿಷಯ ಬರುತ್ತೆ. ಗೋಡೆ ನೋಡಿ ದೇವರನ್ನ ಅಳೆಯೋರಿಗೆ ಉತ್ತರ ಕೊಡೋದಿಕ್ಕೆ ನನಗೆ ಟೈಮಿಲ್ಲ.

ಇನ್ನು ನಮ್ಮ ಚರ್ಚಿನವರೇ ಕೆಲವರು, "ತಡ್ಕೊಳ್ಳೋ ಶಕ್ತಿ ಇರೋರಿಗೇ ದೇವರು ಕಷ್ಟ ಕೊಡೋದು ಕಣಮ್ಮ" ಅಂತಾರೆ. ಇದಂತೂ ನನಗೆ ಇನ್ನೂ ಆಗಲ್ಲ. ಇವರ ಕಿಡ್ನಿ ಹಾಳಾಗಿದ್ದು ಶುಗರ್‌ನಿಂದ, ಬಿಪಿಯಿಂದ. ನನಗೆ ಪಾಠ ಕಲಿಸೋಕೆ ದೇವರು ಇನ್ನೊಬ್ಬರ ಕಿಡ್ನಿ ಕೆಡಿಸ್ತಾನೆ ಅಂತ ನಾನು ನಂಬಲ್ಲ. ಹುಟ್ಟುಕುರುಡನ್ನ ನೋಡಿ ಶಿಷ್ಯರು, ಯಾರ ಪಾಪಕ್ಕೆ ಇವನು ಹಿಂಗೆ ಹುಟ್ಟಿದ, ಇವನದಾ ಅಪ್ಪ ಅಮ್ಮಂದಾ ಅಂತ ಕೇಳಿದಾಗ ಯೇಸುಸ್ವಾಮಿ ಇವನದೂ ಅಲ್ಲ, ಅವರದೂ ಅಲ್ಲ ಅಂದ್ರು. ಯೋವಾನ್ನರ ಶುಭಸಂದೇಶ 9ನೇ ಅಧ್ಯಾಯ, ಓದ್ಕೊಳ್ಳಿ.

ಸರಿ, ನಗು. ಇವರ ಎಡಗೈ ಮಣಿಕಟ್ಟಿನ ಹತ್ರ ಫಿಸ್ಟುಲಾ ಇದೆ, ರಕ್ತನಾಳ ಎರಡನ್ನ ಸೇರಿಸಿ ಹೊಲಿದಿರೋದು, ಡಯಾಲಿಸಿಸ್ ಸೂಜಿ ಚುಚ್ಚೋದು ಆ ಕೈಗೇ. ಅದರ ಮೇಲೆ ಬೆರಳಿಟ್ರೆ ಚರ್ಮದ ಕೆಳಗೆ ಝುಂ ಅಂತ ನಡುಗ್ತಾ ಇರುತ್ತೆ. ಆ ನಡುಕ ನಿಂತ್ರೆ ನಾಳ ಕಟ್ಕೊಂಡಿದೆ ಅಂತ, ತಕ್ಷಣ ಆಸ್ಪತ್ರೆಗೆ ಓಡಬೇಕು, ಅದಕ್ಕೇ ಬೆಳಗ್ಗೆ ಎದ್ದ ಕೂಡಲೇ ನಾನು ಮಾಡೋ ಮೊದಲ ಕೆಲಸ ಆ ಕೈ ಮುಟ್ಟಿ ನೋಡೋದು, ಇವರು ನಿದ್ದೆಯಲ್ಲಿದ್ರೂ ಬಿಡಲ್ಲ. ಬೆರಳಿಗೆ ಝುಂ ಅಂತ ಸಿಕ್ಕಿದ ಕೂಡಲೇ ಸ್ತೋತ್ರ ಯೇಸುವೇ ಅಂತ ಬಾಯಿಗೆ ತಾನಾಗಿ ಬರುತ್ತೆ. ನೀವು ನೋಡೋ ನಗು ಅಲ್ಲಿ ಶುರುವಾಗಿರುತ್ತೆ ಕಣ್ರೀ. ಇವತ್ತಿನ ದಿನ ಕೈಗೆ ಸಿಕ್ತಲ್ಲ.

ಹಾಗಂತ ಅಳು ಇಲ್ಲ ಅನ್ಕೋಬೇಡಿ. ಅರಸೀಕೆರೆ ತೆಂಗಿನ ತೋಟದ ಮನೇಲಿ ಹುಟ್ಟಿದ ಮನುಷ್ಯ ಎಳನೀರು ಮುಟ್ಟೋ ಹಾಗಿಲ್ಲ, ಹಾಸನದಲ್ಲಿದ್ದು ಆಲೂಗಡ್ಡೆ ತಿನ್ನೋ ಹಾಗಿಲ್ಲ, ಎರಡರಲ್ಲೂ ಪೊಟ್ಯಾಶಿಯಂ ಜಾಸ್ತಿ, ಕೆಟ್ಟ ಕಿಡ್ನಿ ಅದನ್ನ ಹೊರಗೆ ಹಾಕಲ್ಲ, ರಕ್ತದಲ್ಲಿ ಏರಿದ್ರೆ ಹೃದಯಕ್ಕೇ ಕುತ್ತು. ನೀರೂ ಅಳತೆ. ಬೇಸಿಗೆಲಿ ಲೋಟ ಹಿಡ್ಕೊಂಡು ಇನ್ನೊಂದು ಗುಟುಕು ಕುಡೀಲಾ ಅಂತ ನನ್ನ ಮುಖ ನೋಡ್ತಾರೆ. ಬೇಡ ಅನ್ನಬೇಕು.

ಅಕ್ಟೋಬರ್ ನಮಗೆ ಜಪಸರದ ತಿಂಗಳು, ವಾರ್ಡಲ್ಲಿ ದಿನಕ್ಕೊಂದು ಮನೆ ಸರದಿ, ಮಾತೆ ಮರಿಯಮ್ಮನ ಸ್ವರೂಪ ಹಿಂದಿನ ಮನೆಯಿಂದ ಹಾಡ್ಕೊಂಡು ತರ್ತಾರೆ. ನಮ್ಮನೆ ಸರದಿ ಶನಿವಾರ ಬಂತು, ಅವತ್ತೇ ಡಯಾಲಿಸಿಸ್ಸೂ ಇತ್ತು. ನಾಲ್ಕು ಗಂಟೆ ಮೆಷಿನ್ ಮೇಲೆ ಮಲಗಿ ಬಂದವರಿಗೆ ಕೂತ್ಕೊಳ್ಳೋಕೂ ಆಗ್ತಿರಲಿಲ್ಲ, ಹಾಲಲ್ಲೇ ಚಾಪೆ ಹಾಸಿ ಮಲಗಿಸಿದ್ದೆ. ಜಪಸರ ಹೇಳುವಾಗ ನೆನೆಸ್ಕೊಳ್ಳೋ ಯೇಸು, ಮರಿಯಮ್ಮನ ಬದುಕಿನ ಘಟನೆಗಳಿಗೆ ರಹಸ್ಯ ಅಂತೀವಿ. ಶನಿವಾರಕ್ಕೆ ಸಂತೋಷದ ರಹಸ್ಯಗಳು, ನಿಯಮನೇ ಹಂಗೆ, ದುಃಖದ್ದು ಮಂಗಳವಾರ, ಶುಕ್ರವಾರ. ಇವತ್ತು ನನ್ನ ಕೈಲಿ ಸಂತೋಷ ಅಂತ ಹೇಳಿಸ್ತೀಯಾ ಅಂತ ದೇವರ ಮೇಲೆ ಸಿಟ್ಟು ಬಂತು. ಮನೆಯವಳು ನಾನೇ ಮುಂದೆ ಹೇಳ್ಕೊಡಬೇಕು, "ನಮೋ ಮರಿಯಾ" ಅಂದೆ, ಅಷ್ಟೇ, ಗಂಟಲು ಕಟ್ಕೊಂಡು ಬಿಡ್ತು. ಆಗ ಆ ಶೆಟ್ಟಿಹಳ್ಳಿ ಕಡೆ ಅಜ್ಜಿ ನನ್ನ ಕಡೆ ತಿರುಗಿಯೂ ನೋಡದೆ, ನಾನು ಬಿಟ್ಟ ಜಾಗದಿಂದಲೇ ಎತ್ಕೊಂಡ್ರು. ಉಳಿದವರು "ಸಂತ ಮರಿಯಾ, ದೇವಮಾತೆಯೇ" ಅಂತ ಜೋರಾಗಿ ಸೇರಿಕೊಂಡ್ರು. ಜಪಸರ ಇರೋದೇ ಹಂಗೆ, ಅರ್ಧ ಒಬ್ಬರು ಹೇಳಬೇಕು, ಇನ್ನರ್ಧ ಜೊತೆಯವರು. ಅವತ್ತು ನನ್ನ ಅರ್ಧನೂ ಅವರೇ ಹೇಳಿದ್ರು.

ಸುಮ್ಮನೆ ಕೂತು ಕೇಳಿಸ್ಕೊಂಡೆ. ಆ ಸಂತೋಷದ ಐದು ರಹಸ್ಯಗಳಲ್ಲಿ ಏನೇನಿದೆ ನೋಡಿ. ಬಸುರಿ ಮರಿಯಮ್ಮ ಬೆಟ್ಟದ ದಾರಿ ಹಿಡಿದು ವಯಸ್ಸಾದ ಎಲಿಜಬೇತಮ್ಮನ ಮನೆಗೆ ಹೋಗ್ತಾಳೆ. ಮಗು ಹುಟ್ಟೋಕೆ ಜಾಗ ಇಲ್ಲ, ಗೋದಲಿ. ಮಗೂನ ದೇವಾಲಯಕ್ಕೆ ತಗೊಂಡು ಹೋದ್ರೆ ಮುದುಕ ಸಿಮೆಯೋನ, ನಿನ್ನ ಎದೇನೂ ಕತ್ತಿ ಇರಿಯುತ್ತೆ ಅಂತ ಬಾಣಂತಿ ಮುಖಕ್ಕೇ ಹೇಳ್ತಾನೆ. ಕೊನೇದರಲ್ಲಿ ಹನ್ನೆರಡು ವರ್ಷದ ಹುಡುಗ ಕಳೆದುಹೋಗಿ ಮೂರು ದಿನ ಆದ್ಮೇಲೆ ಸಿಗ್ತಾನೆ. ಇದನ್ನೆಲ್ಲಾ ನಮ್ಮ ಹಿರಿಯರು ಸಂತೋಷದ ಲೆಕ್ಕಕ್ಕೆ ಹಾಕಿದ್ದಾರೆ! ಕತ್ತಿ ಮಾತು ಕೇಳಿಸ್ಕೊಂಡ ಮೇಲೂ ಆ ತಾಯಿ ಕೈಯಲ್ಲಿ ಮಗು ಇತ್ತು. ನನ್ನ ಸಂತೋಷನೂ ಆ ಜಾತಿದೇ, ಕಷ್ಟ ಮುಗೀಲಿ ಆಮೇಲೆ ಬರ್ತೀನಿ ಅಂತ ಹೊರಗೆ ಕಾಯೋದಲ್ಲ.

ನೀವು ಕೇಳಬೇಕಾಗಿದ್ದ ಪ್ರಶ್ನೆ ಬೇರೆ ಇದೆ, ಇದುವರೆಗೂ ಒಬ್ಬರೂ ಕೇಳಿಲ್ಲ. ಜಪಸರ ಹಿಡಿದಾಗ ಏನಂತ ಬೇಡ್ಕೊತೀಯ ಅಂತ. ನನಗೂ ಶುಗರ್ ಇರೋದ್ರಿಂದ ನನ್ನ ಕಿಡ್ನಿ ಆಗಲ್ಲ ಅಂದ್ರು. ಇವರ ಹೆಸರು ಸರ್ಕಾರದ ಜೀವಸಾರ್ಥಕತೆ ಪಟ್ಟಿಯಲ್ಲಿದೆ, ಅಂದ್ರೆ ಅಂಗದಾನಕ್ಕೆ ಕಾಯೋರ ಪಟ್ಟಿ. ಆ ಪಟ್ಟಿಯಿಂದ ನಮಗೆ ಕಿಡ್ನಿ ಬರಬೇಕಂದ್ರೆ ಎಲ್ಲೋ ಒಬ್ಬರ ಮೆದುಳು ನಿಂತು ಹೋಗಿದೆ ಅಂತ ಡಾಕ್ಟರ್‌ಗಳು ಹೇಳಿರಬೇಕು, ಆ ಮನೆಯವರು ಅಳ್ತಾ ಅಳ್ತಾನೇ ಒಪ್ಪಿ ಸಹಿ ಹಾಕಬೇಕು. ಕಿಡ್ನಿ ಕೊಡಪ್ಪಾ ಅಂತ ಯಾವ ಬಾಯಲ್ಲಿ ಕೇಳೋದು ಹೇಳಿ? ಇನ್ನೊಂದು ಮನೆ ದೀಪ ಆರಲಿ ಅಂತ ನಾನು ಕೇಳಲ್ಲ, ಯೇಸುಸ್ವಾಮಿ ಮುಂದೆ ಅಂಥ ಮಾತು ನನ್ನ ಬಾಯಿಂದ ಬರಲ್ಲ. ಯಾರನ್ನೂ ಕರ್ಕೋಬೇಡ ಸ್ವಾಮಿ, ಆದ್ರೂ ಅಂಥ ಹೊತ್ತು ಯಾರಿಗಾದ್ರೂ ಬಂದ್ರೆ ಆ ಮನೆಯವರನ್ನ ಹಿಡ್ಕೋ, ಅವರ ತಾಯಿ ಪಕ್ಕ ಯಾರಾದ್ರೂ ಕೂತಿರಲಿ ಅಂತೀನಿ. ಯಾವ ಊರೋ, ಯಾವ ದೇವರ ಮನೆಯೋ ನಮಗೆ ಗೊತ್ತಾಗೋದೇ ಇಲ್ಲ. ಐದನೇ ರಹಸ್ಯದ ಹತ್ತು ನಮೋ ಮರಿಯಾ ನಮ್ಮನೇಲಿ ಆ ಮನೆಯವರಿಗೇ ಅಂತ ಇಟ್ಟಿದ್ದೀವಿ. ಅದನ್ನ ಮಾತ್ರ ಇವರು ನನಗೆ ಬಿಟ್ಟುಕೊಡಲ್ಲ, ಎಷ್ಟೇ ಸುಸ್ತಿದ್ರೂ ತಾವೇ ಮುಂದೆ ಹೇಳ್ತಾರೆ, ಉಳಿದರ್ಧ ನಾನು ಹೇಳ್ತೀನಿ.