ಕಂಪನಿ ಹಣದ ಸಂಶೋಧನೆ: ಜಂಟಿ ಪೇಟೆಂಟಿಗೆ ಒಪ್ಪುವ ಮುನ್ನ

ಕಂಪನಿಯೊಂದು ವಿಶ್ವವಿದ್ಯಾಲಯದ ವಿಭಾಗಕ್ಕೆ ಸಂಶೋಧನಾ ಹಣ ಕೊಡಲು ಮುಂದೆ ಬಂದಾಗ ಎಲ್ಲರ ಕಣ್ಣೂ ಮೊತ್ತದ ಮೇಲಿರುತ್ತದೆ. ನಿಧಾನವಾಗಿ ಓದಬೇಕಾದ್ದು ಪೇಟೆಂಟಿನ ಷರತ್ತು. ‘ಪೇಟೆಂಟ್ ಜಂಟಿ ಹೆಸರಿನಲ್ಲಿರುತ್ತದೆ’ ಎಂಬ ಸಾಲು ಕಂಡರೆ ಪ್ರಾಧ್ಯಾಪಕರಿಗೆ ಸಮಾಧಾನ. ಪೆಟ್ಟು ಬೀಳುವುದೂ ಅಲ್ಲೇ.

1970ರ ಪೇಟೆಂಟ್ ಕಾಯ್ದೆಯ 50ನೇ ಸೆಕ್ಷನ್ ನೋಡಿ. ಬೇರೆ ಕರಾರು ಇಲ್ಲದಿದ್ದರೆ, ಜಂಟಿ ಒಡೆತನದಲ್ಲಿ ಪ್ರತಿಯೊಬ್ಬರೂ ಆವಿಷ್ಕಾರವನ್ನು ತಮ್ಮ ಲಾಭಕ್ಕೆ ಬಳಸಿಕೊಳ್ಳಬಹುದು, ಇನ್ನೊಬ್ಬರಿಗೆ ಲೆಕ್ಕ ಕೊಡಬೇಕಿಲ್ಲ. ಆದರೆ ಮೂರನೆಯವರಿಗೆ ಲೈಸೆನ್ಸ್ ಕೊಡಲು ಇಬ್ಬರ ಒಪ್ಪಿಗೆಯೂ ಬೇಕು. ಕಂಪನಿಗೆ ಕಾರ್ಖಾನೆ ಇದೆ, ನಾಳೆಯೇ ಉತ್ಪಾದನೆ ಶುರು ಮಾಡಬಹುದು. ವಿ.ವಿ.ಗೆ ಕಾರ್ಖಾನೆ ಎಲ್ಲಿದೆ? ಅದಕ್ಕಿರುವುದು ಲೈಸೆನ್ಸಿನ ದಾರಿ ಮಾತ್ರ, ಅದರ ಬೀಗದ ಕೈ ಕಂಪನಿಯ ಹತ್ತಿರ. ಹಾಗಾಗಿ ಮೂರು ಮಾತು ಕರಾರಿನಲ್ಲೇ ಬರಬೇಕು: ಮಾರಾಟದ ಮೇಲೆ ರಾಯಧನ; ಇಂತಿಷ್ಟು ವರ್ಷ ಕಂಪನಿ ಬಳಸದಿದ್ದರೆ ಬೇರೆಯವರಿಗೆ ಲೈಸೆನ್ಸ್ ಕೊಡಲು ಈಗಲೇ ಒಪ್ಪಿಗೆ; ಬೋಧನೆಗೂ ಮುಂದಿನ ಸಂಶೋಧನೆಗೂ ಬಳಸುವ ಹಕ್ಕು. ಲ್ಯಾಬಿನಲ್ಲಿ ಮೊದಲೇ ಇದ್ದ ಕೆಲಸವನ್ನು ಅನುಬಂಧದಲ್ಲಿ ಪಟ್ಟಿ ಮಾಡಿ. ಇಲ್ಲವಾದರೆ ಹತ್ತು ವರ್ಷದ ದುಡಿಮೆಯೂ ‘ಯೋಜನೆಯ ಫಲಿತಾಂಶ’ದೊಳಗೆ ಸೇರಿಹೋಗುತ್ತದೆ.

ಪ್ರಬಂಧ ಪ್ರಕಟಣೆಗೆ ‘ಕಂಪನಿಯ ಅನುಮತಿ ಬೇಕು’ ಎಂದಷ್ಟೇ ಇದ್ದರೆ ಸಹಿ ಹಾಕಬೇಡಿ. ‘ಕರಡು ಕಳಿಸಿದ 30 ದಿನದೊಳಗೆ ಆಕ್ಷೇಪ ಬಾರದಿದ್ದರೆ ಒಪ್ಪಿಗೆ ಸಿಕ್ಕಂತೆ’ ಎಂದು ಬರೆಸಿ. ಪೇಟೆಂಟ್ ಅರ್ಜಿ ಮಾತ್ರ ಪ್ರಕಟಣೆಗೆ ಮುಂಚೆಯೇ ಹೋಗಬೇಕು. ಪ್ರಾವಿಷನಲ್ (ತಾತ್ಕಾಲಿಕ) ಅರ್ಜಿ ಸಾಕು. ಪೂರ್ಣ ವಿವರಣೆ ಸಲ್ಲಿಸಲು 12 ತಿಂಗಳಿರುತ್ತದೆ.

ಈಗ ದುಡ್ಡು. ಎರಡು ವರ್ಷಕ್ಕೆ ‘ಒಟ್ಟು 20 ಲಕ್ಷ’ ಎಂದರು ಎನ್ನಿ. ಜಿಎಸ್‌ಟಿ ಸೇರಿಯೋ, ಬಿಟ್ಟೋ? ಶೇ 18 ಸೇರಿದ್ದರೆ ಸುಮಾರು 3.05 ಲಕ್ಷ ಅಲ್ಲೇ ಹೋಯಿತು. 2024ರ ಅಕ್ಟೋಬರ್ 10ರಿಂದ, 1961ರ ಆದಾಯ ತೆರಿಗೆ ಕಾಯ್ದೆಯ 35ನೇ ಸೆಕ್ಷನ್‌ನಡಿ ಅಧಿಸೂಚಿತ ವಿ.ವಿ., ಕಾಲೇಜುಗಳು ಅನುದಾನ ಪಡೆದು ಮಾಡುವ ಸಂಶೋಧನೆಗೆ, ಆ ಅನುದಾನ ಖಾಸಗಿಯದಾದರೂ, ಜಿಎಸ್‌ಟಿ ವಿನಾಯಿತಿ ಇದೆ. ಕನ್ಸಲ್ಟೆನ್ಸಿ ಶುಲ್ಕಕ್ಕೆ ಅದು ಅನ್ವಯಿಸದು. ಪತ್ರದಲ್ಲಿ ಯಾವ ಪದ ಬಳಸಿದ್ದೀರಿ ಎನ್ನುವುದು ಇಲ್ಲಿ ಲಕ್ಷಗಳ ಪ್ರಶ್ನೆ.

ತೆರಿಗೆ ಇಲ್ಲವೆಂದೇ ಇಟ್ಟುಕೊಳ್ಳಿ. ಸಂಸ್ಥೆ ತನ್ನ ಆಡಳಿತ ವೆಚ್ಚಕ್ಕೆಂದು ಹಿಡಿದುಕೊಳ್ಳುವ ಪಾಲು (ಓವರ್‌ಹೆಡ್) ಒಟ್ಟು ಮೊತ್ತದ ಶೇ 20 ಆದರೆ ಉಳಿಯುವುದು 16 ಲಕ್ಷ. ಒಬ್ಬ ಜೂನಿಯರ್ ರಿಸರ್ಚ್ ಫೆಲೋಗೆ (ಜೆಆರ್‌ಎಫ್) ತಿಂಗಳಿಗೆ 37,000ದಂತೆ 24 ತಿಂಗಳಿಗೆ 8.88 ಲಕ್ಷ. ಮಿಕ್ಕ 7.12 ಲಕ್ಷದಲ್ಲಿ ಮನೆ ಬಾಡಿಗೆ ಭತ್ಯೆ, ರಾಸಾಯನಿಕ, ಉಪಕರಣ, ಪ್ರಯಾಣ, ಪೇಟೆಂಟ್ ವಕೀಲರ ಶುಲ್ಕ ಎಲ್ಲವೂ ಆಗಬೇಕು. ವಕೀಲರ ಶುಲ್ಕವನ್ನು ಬಜೆಟ್ಟಿನಲ್ಲಿ ಮರೆಯುವವರೇ ಹೆಚ್ಚು.

ಕಂತುಗಳನ್ನು ‘ಮಾದರಿ ಯಶಸ್ವಿಯಾದ ಮೇಲೆ’ ಎಂಬ ಮಾತಿಗೆ ಕಟ್ಟಿಹಾಕಬೇಡಿ. ಸಂಶೋಧನೆಯಲ್ಲಿ ‘ಇದು ಆಗದು’ ಎಂಬುದೂ ಫಲಿತಾಂಶವೇ. ‘ಪರೀಕ್ಷೆ ಮುಗಿಸಿ ವರದಿ ಸಲ್ಲಿಸಿದ ಮೇಲೆ’ ಎಂದಿರಲಿ. ಕಂಪನಿಯಲ್ಲಿ ಮ್ಯಾನೇಜರ್ ಬದಲಾದರೆ ಯೋಜನೆಯೇ ನಿಲ್ಲಬಹುದು. ಆಗ ಬೀದಿಗೆ ಬೀಳುವುದು ವಿದ್ಯಾರ್ಥಿ. ಮೊದಲ ಆರು ತಿಂಗಳ ಫೆಲೋಶಿಪ್ ಮುಂಗಡವಾಗಿ ಬರಲಿ, ಮಧ್ಯದಲ್ಲಿ ಕೈಬಿಡುವುದಾದರೆ 90 ದಿನದ ನೋಟಿಸೂ ಆ ಅವಧಿಯ ಫೆಲೋಶಿಪ್ಪೂ ಕಂಪನಿಯ ಹೊಣೆ ಎಂದು ಬರೆಸಿ.